ಐವತ್ತೇಳನೇ ಲಕೋಟೆ

ಲುದ್ವಿನಾ ಟೊವಾರ್ಪಿನ್‌ಗೆ ಬೇಕಾಗಿದ್ದುದು ಇಷ್ಟೇ: ಕೆಲಸ ಬಿಟ್ಟು ಮನೆಗೆ ಹೋಗುವುದು. ಬಡ್ತಿ ಬೇಡ, ಹೂವಿನ ಹಾರ ಬೇಡ, ಗೋಡೆಗೆ ನೇತುಹಾಕುವ ಗಡಿಯಾರವಂತೂ ಬೇಡವೇ ಬೇಡ. ಇಪ್ಪತ್ತೆರಡು ವರ್ಷ ಊರ ಜನರನ್ನೆಲ್ಲ ಆಪರೇಶನ್ನಿಗೆ ಮಲಗಿಸಿ, ಮತ್ತೆ ಎಬ್ಬಿಸಿ, ಅವಳಿಗೆ ಸಾಕುಸಾಕಾಗಿತ್ತು. ಐವತ್ತೆಂಟರ ಹೆಂಗಸು ಇನ್ನು ತಾನೂ ಒಂದಿಷ್ಟು ಕಾಲು ಚಾಚಿ ಕೂರುತ್ತೇನೆ ಅಂದರೆ ಯಾರಿಗೇನು ನಷ್ಟ?

ಅವಳು ಡಾಕ್ಟರಲ್ಲ. ನರ್ಸಾಗಿದ್ದವಳು, ರಾಜಧಾನಿ ಮೊರೆಸ್ಬಿಗೆ ಹೋಗಿ ಒಂದು ವರ್ಷ ಅರಿವಳಿಕೆ ಕೊಡುವುದನ್ನು ಕಲಿತು ಬಂದಳು. ನಮ್ಮ ದ್ವೀಪಗಳ ಆಸ್ಪತ್ರೆಗಳು ನಡೆಯುತ್ತಿರುವುದೇ ಇಂಥವರ ಬೆನ್ನ ಮೇಲೆ. ಡಾಕ್ಟರುಗಳು ಬರುತ್ತಾರೆ, ಎರಡು ವರ್ಷ ಇರುತ್ತಾರೆ, ಸೊಳ್ಳೆಗೂ ನೀರಿಗೂ ಬೈದು ಹೊರಟುಹೋಗುತ್ತಾರೆ. ಲುದ್ವಿನಾ ಮಾತ್ರ ಇದ್ದಲ್ಲೇ ಇದ್ದಳು. ಜ್ವಾಲಾಮುಖಿ ಬೆಟ್ಟ ಬೂದಿ ಕಾರಿ ಆಪರೇಶನ್ ಥಿಯೇಟರಿನ ಕಿಟಕಿ ಮುಚ್ಚಿಹೋದಾಗಲೂ ಇದ್ದಳು, ಜನರೇಟರು ಕೆಟ್ಟು ಟಾರ್ಚಿನ ಬೆಳಕಲ್ಲಿ ಹೆರಿಗೆ ಆಪರೇಶನ್ ಆದಾಗಲೂ ಇದ್ದಳು. ಯಾರು ಸದಾ ಇರುತ್ತಾರೋ ಅವರನ್ನು ಯಾರೂ ನೋಡುವುದಿಲ್ಲ, ಅದು ಎಲ್ಲಾ ಊರಲ್ಲೂ ಹಾಗೇ.

ನಿವೃತ್ತಿ ಪತ್ರ ಬರೆದು ಆಡಳಿತಾಧಿಕಾರಿಯ ಕೈಗೆ ಕೊಟ್ಟು ಆರು ತಿಂಗಳಾಗಿತ್ತು. ಆತ ಪತ್ರ ತೆಗೆದುಕೊಂಡ, ಜೊತೆಗೊಂದು ಷರತ್ತು ಹಾಕಿದ. "ಡಾಕ್ಟರ್ ಕೋಪೆನ್ನರ ಅರವತ್ತು ರೋಗಿ ಮುಗೀಲಿ ಅಮ್ಮ, ಮಾರನೇ ದಿನಾನೇ ನಿಮ್ಮನ್ನ ಬಿಡ್ತೀನಿ" ಅಂದ. ದೇವರು ವರ ಕೊಟ್ಟರೂ ಪೂಜಾರಿ ಬಿಡಬೇಕಲ್ಲ. ಆವತ್ತಿನಿಂದ ಲುದ್ವಿನಾ ಎಣಿಸುತ್ತಾ ಬಂದಳು. ಆ ಸೋಮವಾರದ ಹೊತ್ತಿಗೆ ಐವತ್ತಾರು ಮುಗಿದಿದ್ದವು. ಇನ್ನು ನಾಲ್ಕು ಉಳಿದಿದ್ದವು.

ಈ ಅರವತ್ತರ ಕತೆ ಇಷ್ಟು. ಹರ್ನಿಯಾ, ಎದೆಯ ಗಂಟು, ಮುರಿದ ಮೊಣಕೈ ಇಂಥ ಆಪರೇಶನ್ನುಗಳಿಗೆಲ್ಲ ಶ್ವಾಸನಾಳದ ಒಳಕ್ಕೆ ಟ್ಯೂಬು ಇಳಿಸಬೇಕಾಗಿಲ್ಲ. ರೋಗಿಗೆ ಎಚ್ಚರ ತಪ್ಪಿದ ಮೇಲೆ ನಾಲಿಗೆಯ ಹಿಂದೆ ಒಂದು ಮಾಸ್ಕು ಜಾರಿಸಿದರೆ ಅದು ಗಂಟಲ ಬಾಗಿಲಿಗೆ ಮುಚ್ಚಳದಂತೆ ಕೂರುತ್ತದೆ, ಅದರ ಕೊಳವೆಯಲ್ಲಿ ಉಸಿರು ಹೋಗಿಬರುತ್ತದೆ. ನಮ್ಮ ಆಸ್ಪತ್ರೆಯಲ್ಲಿದ್ದುದು ಹಳೇ ಥರದ್ದು. ಸಿಲಿಕೋನಿನದು, ಅಂಚಿಗೆ ಗಾಳಿ ತುಂಬುವ ಬಳೆ, ತೊಳೆದು ಆವಿಯಲ್ಲಿ ಬೇಯಿಸಿ ಮತ್ತೆ ಬಳಸುವಂಥದ್ದು. ನಲವತ್ತು ಸಲ ಬಳಸಿ ಬಿಸಾಡಿ ಅಂತ ಮಾಡಿದವರು ಬರೆದಿದ್ದಾರೆ. ನಲವತ್ತು ದಾಟಿ ಎಷ್ಟು ಕಾಲವಾಯಿತೋ, ಎಣಿಸುವ ಕಾರ್ಡೇ ಕಳೆದುಹೋಗಿತ್ತು. ತೊಳೆದೂ ತೊಳೆದೂ ಅವು ಹಳೇ ಚಹಾ ಲೋಟದ ಬಣ್ಣಕ್ಕೆ ತಿರುಗಿದ್ದವು. ತೊಳೆಯುತ್ತಿದ್ದವಳು ಲುದ್ವಿನಾ. ಅವಳ ಬೆರಳ ಗೆಣ್ಣುಗಳಲ್ಲಿ ಸೀಳು ಬಿಟ್ಟು, ರಾತ್ರಿ ಎಣ್ಣೆ ಹಚ್ಚಿದರೆ ಉರಿಯುತ್ತಿದ್ದವು.

ಹೊಸದು ಜೆಲ್ಲಿನದು. ಗಾಳಿ ತುಂಬುವ ಕೆಲಸವಿಲ್ಲ, ತೊಳೆಯುವ ಕೆಲಸವಿಲ್ಲ. ಮೆತ್ತಗೆ, ಗಾಜಿನಂತೆ ತಿಳಿಯಾಗಿ, ಒಬ್ಬರಿಗೆ ಬಳಸಿ ಎಸೆಯುವಂಥದ್ದು. ಎರಡರಲ್ಲಿ ಯಾವುದು ಮೇಲು ಅನ್ನುವುದು ಡಾಕ್ಟರ್ ಯೂನಿಯಾಸ್ ಕೋಪೆನ್ನನ ಪ್ರಬಂಧ. ದೊಡ್ಡ ಪರೀಕ್ಷೆಗೆ ಅವನು ಅದನ್ನು ಒಪ್ಪಿಸಬೇಕು. ಅದರ ಮೇಲೆ ಇಡೀ ದೇಶದ ಆಸ್ಪತ್ರೆಗಳಿಗೆ ಯಾವುದನ್ನು ಕೊಳ್ಳಬೇಕು ಅಂತ ಮೊರೆಸ್ಬಿಯಲ್ಲಿ ತೀರ್ಮಾನ. ಒಬ್ಬೊಬ್ಬ ರೋಗಿಗೂ ಒಂದು ಅಂಟಿಸಿದ ಲಕೋಟೆ. ಒಡೆದಾಗ ಹಳೇದು ಅಂತ ಬಂದರೆ ಹಳೇದು, ಹೊಸದು ಅಂತ ಬಂದರೆ ಹೊಸದು. ಆದರೆ ಕೈ ಮಾತ್ರ ಒಂದೇ ಇರಬೇಕು. ಬೇರೆ ಬೇರೆ ಕೈಯಾದರೆ ಮಾಸ್ಕಿನ ಗುಣ ಯಾವುದು, ಕೈಯ ಗುಣ ಯಾವುದು ಅಂತ ತಿಳಿಯುವುದಿಲ್ಲವಂತೆ. ಹಾಗಾಗಿ ಅರವತ್ತಕ್ಕೂ ಲುದ್ವಿನಾಳ ಕೈ.

ಕೋಪೆನ್ ಒಳ್ಳೆಯವನೇ. ಬೆಟ್ಟದ ಸೀಮೆಯ ಹುಡುಗ, ಮೂವತ್ತೆರಡು ವಯಸ್ಸು, ಶನಿವಾರ ಚರ್ಚಿಗೆ ಹೋಗುವ ಪೈಕಿ. ಅವರಲ್ಲಿ ಹಂದಿ ಇಲ್ಲ, ಸಿಗರೇಟಿಲ್ಲ, ಅಡಿಕೆ ಇಲ್ಲ. ಅಡಿಕೆ, ಸುಣ್ಣ, ವೀಳ್ಯದೆಲೆಯ ಬದಲು ಅಗಿಯುವ ದಾಕಾ ಕಾಯಿ ಬಾಯಿಗೆ ಬೀಳದೆ ಮಾತೇ ಹೊರಡದ ನಮ್ಮ ಕರಾವಳಿಯಲ್ಲಿ ಅವನು ಬಂದು ಸೇರಿದ್ದೇ ಒಂದು ತಮಾಷೆ. ಥಿಯೇಟರಿನಲ್ಲಿ ಸ್ಟ್ರೆಚರು ತಳ್ಳುವ ಟೊಬಾಟ ಅವನನ್ನು ಬಿಡುತ್ತಲೇ ಇರಲಿಲ್ಲ.

"ಡಾಕ್ಟ್ರೇ, ನೀವು ನಗಬೇಡಿ ಮಾರಾಯ್ರೇ. ಇಷ್ಟು ಬೆಳ್ಳಗಿರೋ ಹಲ್ಲು ನಾನು ಹೆಣದ ಕೋಣೇಲಿ ಮಾತ್ರ ನೋಡಿರೋದು."

"ನಿನ್ ಬಾಯಿ ನೋಡಿದ್ರೆ ಈಗಷ್ಟೇ ಯಾರನ್ನೋ ತಿಂದು ಬಂದಿರೋ ಹಾಗಿದೆ" ಅಂತ ಕೋಪೆನ್ನೂ ಬಿಡುತ್ತಿರಲಿಲ್ಲ.

ಮಾಸ್ಕು ಕೂರಿಸುವಾಗ ಅವನು ಗಡಿಯಾರ ಒತ್ತಿ ಸೆಕೆಂಡು ಎಣಿಸಿ ಬೇರೆ ಕೆಲಸಕ್ಕೆ ಓಡುತ್ತಿದ್ದ. ಆಪರೇಶನ್ ಮುಗಿದು ಮಾಸ್ಕು ತೆಗೆಯುವಾಗ ಇರುತ್ತಿದ್ದವಳು ಲುದ್ವಿನಾ ಒಬ್ಬಳೇ. ಫಾರಂನ ಕೊನೆಯ ಚೌಕದ ಮನೆಗಳನ್ನು ತುಂಬುತ್ತಿದ್ದವಳೂ ಅವಳೇ. ಎಷ್ಟು ಸಲ ಪ್ರಯತ್ನಪಟ್ಟಿರಿ, ಗಾಳಿ ಸೋರಿತೇ, ತೆಗೆದ ಮಾಸ್ಕಿನ ಮೇಲೆ ರಕ್ತವಿತ್ತೇ, ಮಾರನೇ ದಿನ ಗಂಟಲು ನೋವಿತ್ತೇ. ಈ ರಕ್ತದ ಮನೆಯೇ ಪ್ರಬಂಧದ ಬೆನ್ನೆಲುಬು. ರಕ್ತ ಬಂತೆಂದರೆ ಮಾಸ್ಕು ಗಂಟಲು ಗೀರಿದೆ ಅಂತ ಅರ್ಥ. ಐವತ್ತಾರು ಮುಗಿಯುವ ಹೊತ್ತಿಗೆ ಹಳೆಯದರಲ್ಲಿ ಇಪ್ಪತ್ತೆಂಟಕ್ಕೆ ಎರಡು ರಕ್ತ, ಹೊಸದರಲ್ಲಿ ಇಪ್ಪತ್ತೆಂಟಕ್ಕೆ ಒಂಬತ್ತು.

"ಹೊಸದು ಗೀರುತ್ತೆ ಅಂತಾಯ್ತು" ಅಂದ ಕೋಪೆನ್, ಸ್ವಲ್ಪ ಬೇಜಾರಲ್ಲೇ. "ಕೂರೋದು ಬೇಗ ಕೂರುತ್ತೆ, ಸೋರೋದೂ ಇಲ್ಲ. ಆದ್ರೆ ರಕ್ತ ಬಂದ ಒಂಬತ್ತು ಜನದಲ್ಲಿ ಗಂಟಲು ನೋವು ಅಂದವರು ಒಬ್ರೇ. ನಿಮ್ ಕಡೆಯವರ ಗಂಟಲೇನು ಕಲ್ಲಲ್ಲಿ ಕೆತ್ತಿದ್ದಾ ಅಮ್ಮ?"

ಲುದ್ವಿನಾ ಹೂಂ ಅಂದಳು. ಅವಳ ಮನಸ್ಸು ಉಳಿದ ನಾಲ್ಕರ ಮೇಲಿತ್ತು.

ಐವತ್ತೇಳನೆಯವಳು ಅಪೊಲೋನಿಯಾ. ಅರವತ್ತೆರಡರ ಮುದುಕಿ, ಎದೆಯಲ್ಲಿ ಗಂಟು, ಮೂರು ಬಸ್ಸು ಬದಲಿಸಿ ಬಂದಿದ್ದಳು. ಕಾಯುವ ಬೆಂಚಿನ ಮೇಲೆ ಬುಟ್ಟಿಯನ್ನು ಮಗುವಿನಂತೆ ತಬ್ಬಿಕೊಂಡು ಕೂತಿದ್ದಳು. ಲುದ್ವಿನಾ ಫಾರಂ ಹಿಡಿದು ಅಚ್ಚಾಗಿದ್ದುದನ್ನು ಅಚ್ಚಾಗಿದ್ದ ಹಾಗೇ ಕೇಳಿದಳು.

"ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?"

"ಇಲ್ಲ ತಂಗಿ."

"ಕುಡಿದ್ರಾ?"

"ಒಂದ್ ತೊಟ್ಟೂ ಇಲ್ಲ."

"ಕಟ್ಟಿಸಿದ ಹಲ್ಲು ಇದೆಯಾ?"

"ಇರೋವೇ ಐದಾರು. ಅವೂ ದೇವರು ಕೊಟ್ಟಿದ್ದು."

ಮುದುಕಿ ಬಾಯಿಗೆ ಕೈ ಅಡ್ಡ ಹಿಡಿದು ಒಂದು ಪಕ್ಕದಲ್ಲೇ ಮಾತಾಡಿದಳು. ಹಲ್ಲಿಲ್ಲದ್ದಕ್ಕೆ ನಾಚಿಕೆ ಅಂದುಕೊಂಡಳು ಲುದ್ವಿನಾ. ಈ ಪ್ರಬಂಧ ಶುರುವಾಗುವುದಕ್ಕೆ ಮೊದಲಾಗಿದ್ದರೆ ಅವಳು ಹಾಗೆ ಬಿಡುತ್ತಿರಲಿಲ್ಲ. ನಮ್ಮಲ್ಲಿ ಅರಿವಳಿಕೆ ಕೊಡುವವರೆಲ್ಲ ತಿಂದಿರಾ, ಕುಡಿದಿರಾ ಆದ ಮೇಲೆ ಅಡಿಕೆ ಹಾಕಿದಿರಾ ಅಂತ ಬೇರೆಯಾಗಿಯೇ ಕೇಳುತ್ತಾರೆ, ಯಾಕೆಂದರೆ ಅಡಿಕೆಯನ್ನು ತಿನ್ನುವುದು ಅಂತ ಯಾರೂ ಲೆಕ್ಕಕ್ಕಿಡುವುದಿಲ್ಲ. ಕೋಪೆನ್ನನ ಫಾರಂನಲ್ಲಿ ಆ ಪ್ರಶ್ನೆ ಇರಲಿಲ್ಲ. ಅಡಿಕೆ ಮುಟ್ಟದವನಿಗೆ ಅದು ಹೇಗೆ ಹೊಳೆಯಬೇಕು? ಮೊದಮೊದಲು ಲುದ್ವಿನಾ ತಾನಾಗಿಯೇ ಕೇಳುತ್ತಿದ್ದಳು, ಬಾಯಿ ತೆರೆಸಿ ನೋಡುತ್ತಿದ್ದಳು, ಒದ್ದೆ ಬಟ್ಟೆಯಲ್ಲಿ ಒಳಗೆಲ್ಲ ಒರೆಸುತ್ತಿದ್ದಳು. ಬರಬರುತ್ತಾ ಮೊದಲು ಒರೆಸುವುದು ಬಿಟ್ಟುಹೋಯಿತು, ಆಮೇಲೆ ನೋಡುವುದು, ಕೊನೆಗೆ ಕೇಳುವುದೂ. ದಣಿದ ಮನುಷ್ಯ ಕಾಗದ ಹೇಳಿದಷ್ಟನ್ನು ಮಾತ್ರ ಮಾಡುತ್ತಾನೆ.

ಲಕೋಟೆ ಒಡೆದರು. ಹೊಸದು ಅಂತ ಬಂತು.

ಔಷಧ ಹೋಯಿತು, ಅಪೊಲೋನಿಯಾಳ ರೆಪ್ಪೆ ಮುಚ್ಚಿತು, ದವಡೆ ಸಡಿಲವಾಯಿತು. ಕೋಪೆನ್ ಗಡಿಯಾರ ಒತ್ತಿದ. ಲುದ್ವಿನಾ ಜೆಲ್ ಮಾಸ್ಕನ್ನು ಜಾರಿಸಿದಳು. ಎಂದಿನಂತೆ ಹೋಯಿತು, ಕೊನೆಗೆ ಬಂದು ಎಲ್ಲೋ ತಡೆಯಿತು. ಗಾಳಿ ಚೀಲ ಒತ್ತಿದಳು. ಎದೆ ಏಳಲಿಲ್ಲ.

"ಹನ್ನೆರಡು ಸೆಕೆಂಡು" ಅಂದ ಕೋಪೆನ್.

"ಬರ್ಕೋಬೇಡಿ. ಕೂತಿಲ್ಲ."

ಅರ್ಧ ಎಳೆದು ಮತ್ತೆ ಒತ್ತಿದಳು. ಎದೆ ಏಳಲಿಲ್ಲ. ರಕ್ತದ ಆಮ್ಲಜನಕ ಅಳೆಯುವ ಮಾನಿಟರಿನ ಸದ್ದು ಇಳಿಯತೊಡಗಿತು. ಆ ಸದ್ದು ಗೊತ್ತಿರುವವರಿಗೆ ಪರದೆ ನೋಡಬೇಕಾಗಿಲ್ಲ. ತೊಂಬತ್ತೊಂದು. ಎಂಬತ್ತನಾಲ್ಕು. ಲುದ್ವಿನಾ ಮಾಸ್ಕು ಪೂರ್ತಿ ಹೊರಗೆಳೆದಳು. ಅದರ ತುದಿಯೆಲ್ಲ ಕೆಂಪು.

"ರಕ್ತ! ಅಮ್ಮ, ಗೀರಿಬಿಟ್ಟಿದೆ!" ಅಂದ ಕೋಪೆನ್, ಬಿಳಚಿಕೊಂಡು.

"ಬ್ಲೇಡು ಕೊಡಿ. ಟೊಬಾಟ, ಸಕ್ಷನ್ನು!"

ಎಪ್ಪತ್ತಾರು. ತುದಿಗೆ ದೀಪವಿದ್ದ ಆ ಮೊಂಡು ಬ್ಲೇಡಿನಿಂದ ಅವಳು ನಾಲಿಗೆಯನ್ನು ಎತ್ತಿ ಒಳಗೆ ಇಣುಕಿದಳು. ಕೆಂಪು ಎಂಜಲನ್ನು ಎಳೆದು ತೆಗೆದ ಮೇಲೆ ಕಂಡಿತು: ಶ್ವಾಸನಾಳದ ಬಾಯಿಗೆ ಅಡ್ಡಲಾಗಿ, ಅಗಿದ ಹಸಿ ಅಡಿಕೆಯ ಮುದ್ದೆ, ಹೆಬ್ಬೆರಳಿನಷ್ಟು. ಕೆನ್ನೆಯೊಳಗೆ ಒತ್ತಿಟ್ಟಿದ್ದನ್ನು ಮಾಸ್ಕು ತಳ್ಳಿಕೊಂಡು ಹೋಗಿ ಅಲ್ಲಿ ಕೂರಿಸಿತ್ತು. ಉದ್ದನೆಯ ಚಿಮ್ಮಟ ಒಳಗೆ ಹೋಯಿತು. ಒಂದು ಸಲ ಜಾರಿತು. ಅರವತ್ತೊಂಬತ್ತು. ಎರಡನೇ ಸಲ ಹಿಡಿಯಿತು.

ಮುಖಕ್ಕೆ ಮಾಸ್ಕು ಹಿಡಿದು ನಾಲ್ಕು ಉಸಿರು ಕೊಟ್ಟಳು, ಆಮೇಲೆ ಟ್ಯೂಬನ್ನೇ ಇಳಿಸಿದಳು. ಎದೆ ಎದ್ದಿತು. ಮಾನಿಟರಿನ ಸದ್ದು ಮೆಟ್ಟಿಲು ಹತ್ತಿದಂತೆ ಮೇಲೆ ಬಂತು. ಬಾಗಿಲಲ್ಲಿ ನಿಂತಿದ್ದ ಸರ್ಜನ್ನಿಗೆ "ಶುರು ಮಾಡಿ" ಅಂದಳು.

ಆಪರೇಶನ್ ಮುಗಿಯಿತು, ಮುದುಕಿ ಕಣ್ಣು ಬಿಟ್ಟಳು. ಮಧ್ಯಾಹ್ನ ಲುದ್ವಿನಾ ಅವಳ ಮಂಚದ ಹತ್ತಿರ ಹೋದಳು.

"ಏನೂ ತಿಂದಿಲ್ಲ ಅಂದ್ರಲ್ಲ ಅಕ್ಕ?"

"ತಿಂದಿಲ್ವಲ್ಲ" ಅಂದಳು ಅಪೊಲೋನಿಯಾ, ಸುಸ್ತಿನ ದನಿಯಲ್ಲಿ. "ಹೆದರಿಕೆ ಆಗ್ತಿತ್ತು ತಂಗಿ. ಧೈರ್ಯಕ್ಕೆ ಒಂದು ಬಾಯಿಗೆ ಹಾಕ್ಕೊಂಡೆ. ಬೆಂಚಿನ ಹತ್ರ ಉಗುಳೋಕೆ ಜಾಗ ಇರ್ಲಿಲ್ಲ, ಉಗುಳಿದ್ರೆ ದಂಡ ಅಂತ ಬೋರ್ಡ್ ಬೇರೆ ಹಾಕಿದ್ದೀರಿ."

ಟೊಬಾಟ ಹೊಟ್ಟೆ ಹಿಡಿದುಕೊಂಡು ನಕ್ಕ. ಕೋಪೆನ್ ಕೂಡ ನಕ್ಕ, ಬದುಕಿದೆ ಅನ್ನುವ ನಗು ಅದು. "ಐವತ್ತೇಳನೇದು ಲೆಕ್ಕಕ್ಕೆ ಬೇಡ. ಇದು ಮಾಸ್ಕಿನ ತಪ್ಪಲ್ಲ" ಅಂದ. ಅಡಿಕೆ ಕೇಳದೆ ಬಿಟ್ಟದ್ದು ತನ್ನ ತಪ್ಪು ಅಂತ ಲುದ್ವಿನಾ ಹೇಳಿದಳು. "ನನ್ನ ಫಾರಂ ತಪ್ಪು" ಅಂದ ಅವನು. ಅಲ್ಲಿಗೆ ಮುಗಿಯಬಹುದಿತ್ತು.

ಮುಗಿಯಲಿಲ್ಲ. ಸಂಜೆ ತೊಳೆಯುವ ತೊಟ್ಟಿಯ ಹತ್ತಿರ ಅವಳು ಆ ಜೆಲ್ ಮಾಸ್ಕನ್ನು ಕೈಗೆತ್ತಿಕೊಂಡಳು. ಎಸೆಯಬೇಕಾದ್ದು, ಆದರೆ ಇಪ್ಪತ್ತೆರಡು ವರ್ಷದ ಕೈ ಏನನ್ನೂ ತೊಳೆಯದೆ ಎಸೆಯುವುದಿಲ್ಲ. ರಕ್ತದ ಕಲೆಗೆ ಥಿಯೇಟರಿನಲ್ಲಿ ಪೆರಾಕ್ಸೈಡ್ ಹಾಕುತ್ತಾರೆ, ರಕ್ತಕ್ಕೆ ಬಿದ್ದರೆ ಬುಸ್ಸೆಂದು ನೊರೆ ಏಳುತ್ತದೆ. ಮಾಸ್ಕಿನ ಕೆಂಪಿನ ಮೇಲೆ ಹಾಕಿದಳು. ನೊರೆ ಬರಲಿಲ್ಲ. ಪಕ್ಕದಲ್ಲಿದ್ದ ಆಪರೇಶನ್ನಿನ ಬಟ್ಟೆಯ ಮೇಲೆ ಹಾಕಿದಳು. ಬೆಳ್ಳಗೆ ಉಕ್ಕಿತು. ಅವಳು ಬಾಟಲಿಯನ್ನು ನಿಧಾನವಾಗಿ ಕೆಳಗಿಟ್ಟಳು.

ಈ ಅಡಿಕೆ ಮುದ್ದೆ ಇಲ್ಲದೇ ಇದ್ದಿದ್ದರೆ, ಮುದುಕಿಯ ಬಾಯಲ್ಲಿ ಬರೀ ಹಿಂದಿನ ದಿನದ ಕೆಂಪಿದ್ದಿದ್ದರೆ, ಈ ಮಾಸ್ಕನ್ನು ನೋಡಿ ಅವಳು ಏನು ಬರೆಯುತ್ತಿದ್ದಳು? ರಕ್ತ, ಹೌದು. ಹಾಗೆ ಒಂಬತ್ತು ಸಲ ಬರೆದಿದ್ದಳು. ಹಳೇ ಮಾಸ್ಕು ಚಹಾ ಬಣ್ಣದ್ದು, ಅದರ ಮೇಲೆ ಅಡಿಕೆಯ ಕೆಂಪು ಕಾಣುವುದೇ ಇಲ್ಲ. ಹೊಸದು ತಿಳಿ, ಅದರ ಮೇಲೆ ಒಂದು ಹನಿ ಎಂಜಲೂ ಎದ್ದು ಕಾಣುತ್ತದೆ. ಫಾರಂನಲ್ಲಿ ರಕ್ತಕ್ಕೆ ಮನೆ ಇತ್ತು, ಅಡಿಕೆಗೆ ಇರಲಿಲ್ಲ. ಅವಳಿಗೆ ಗೊತ್ತಿರಲಿಲ್ಲ ಅಂತಲ್ಲ, ಅದೇ ಕಷ್ಟ. ಅಡಿಕೆಯ ಕೆಂಪನ್ನು ಹುಟ್ಟಿದಾಗಿನಿಂದ ನೋಡಿದವಳು. ಒಂದು ಕ್ಷಣ ನಿಂತು ಯೋಚಿಸಿದ್ದರೆ ತಿಳಿಯುತ್ತಿತ್ತು. ನಿಲ್ಲುವ ಶಕ್ತಿ ಇರಲಿಲ್ಲ, ಟಿಕ್ ಹಾಕಿ ಮುಂದಿನ ರೋಗಿಗೆ ಹೋಗಿದ್ದಳು.

ಬಸ್ಸಿನಲ್ಲಿ ಕೂತು ಅವಳು ತನಗೆ ತಾನೇ ಹೇಳಿಕೊಂಡಳು: ಇನ್ನು ಮೂರು. ಮೂರೇ ಮೂರು. ಬಾಯಿ ಮುಚ್ಚಿಕೊಂಡಿದ್ದರೆ ಶುಕ್ರವಾರಕ್ಕೆ ಎಲ್ಲ ಮುಗಿಯುತ್ತದೆ. ಬಾಯಿ ಬಿಟ್ಟರೆ ಇಡೀ ಅರವತ್ತು ಮತ್ತೆ ಮೊದಲಿನಿಂದ, ಮತ್ತೆ ಅದೇ ಕೈ. ಹೊಳೆ ದಾಟಿ ದಡ ಮುಟ್ಟುವಾಗ ಯಾರಾದರೂ ತಿರುಗಿ ನೀರಿಗಿಳಿಯುತ್ತಾರೆಯೇ?

ಮನೆಯಲ್ಲಿ ಗಂಡ ಅಲೋಯಿಸ್ ಅವಳಮ್ಮನ ಕುಲದ ಜಮೀನಿನಲ್ಲಿ ಹೊಸ ಅಡುಗೆಮನೆ ಕಟ್ಟುತ್ತಿದ್ದ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನು, ಈಗ ಕೋಕೋ ಗಿಡ ನೋಡಿಕೊಳ್ಳುವುದು, ಹೆಂಡತಿಗಾಗಿ ಕಾಯುವುದು, ಎರಡೇ ಕೆಲಸ.

"ಶನಿವಾರದ ಔತಣಕ್ಕೆ ಹಂದಿ ಗೊತ್ತು ಮಾಡಿದ್ದೀನಿ ಕಣೇ" ಅಂದ. "ನಿನ್ನ ಅಣ್ಣ ತಮ್ಮಂದಿರಿಗೆಲ್ಲ ಹೇಳಿಯಾಯ್ತು. ನೀನು ಮಾತ್ರ ಬಂದು ಕೂತ್ಕೋ, ಏನೂ ಮುಟ್ಟಬೇಡ."

"ಹೂಂ" ಅಂದಳು ಲುದ್ವಿನಾ. ತೆಂಗಿನ ಹಾಲಲ್ಲಿ ಬೆಂದ ಬಾಳೆಕಾಯಿ ಮುಂದಿತ್ತು. ಅರ್ಧ ತಿಂದು ತಟ್ಟೆ ಸರಿಸಿದಳು.

ಮಂಗಳವಾರ ಐವತ್ತೆಂಟನೆಯದೂ ಹೊಸದೇ ಬಂತು. ಮೀನು ಹಿಡಿಯುವವನು, ಮುರಿದ ಮೊಣಕೈ. ಈ ಸಲ ಬಾಯಿ ತೆರೆಸಿ ದೀಪ ಹಾಕಿ ನೋಡಿದಳು, ಚೂರೂ ಇರಲಿಲ್ಲ, ನಿನ್ನೆ ಮಧ್ಯಾಹ್ನದಿಂದ ಅಡಿಕೆ ಮುಟ್ಟಿಲ್ಲ ಅಂತ ಅವನು ತಾಯಿಯ ಆಣೆ ಹಾಕಿದ. ಬಾಯಿ ಒರೆಸಲಿಲ್ಲ, ಉಳಿದವರಿಗೆ ಮಾಡಿದ ಹಾಗೇ ಮಾಡಿದಳು. ತೆಗೆದಾಗ ಮಾಸ್ಕಿನ ಅಂಚು ಕೆಂಪು. ಪೆರಾಕ್ಸೈಡ್ ಹಾಕಿದಳು. ಸದ್ದಿಲ್ಲ, ನೊರೆಯಿಲ್ಲ.

ಪೆನ್ನು ಹಿಡಿದು ಫಾರಂ ನೋಡುತ್ತಾ ಕೂತಳು. ಇದಕ್ಕೆ 'ಇಲ್ಲ' ಅಂತ ಬರೆದರೆ ಆ ಒಂಬತ್ತಕ್ಕೆ ಏನು ಹೇಳುವುದು? 'ಹೌದು' ಅಂತ ಬರೆದರೆ ಇನ್ನು ಅದು ಸುಸ್ತಲ್ಲ, ಸುಳ್ಳು. ಅವಳಿಗೆ ಅಳು ಬಂತು, ಸಿಟ್ಟೂ ಬಂತು, ಆ ಮುದುಕಿಯ ಮೇಲೆ, ಕೋಪೆನ್ನನ ಬಿಳೀ ಹಲ್ಲಿನ ಮೇಲೆ, ತನ್ನ ಮೇಲೆ. ಆಮೇಲೆ ಎದ್ದು ಹೋಗಿ ಅವನ ಕೋಣೆಯ ಬಾಗಿಲು ತಟ್ಟಿದಳು.

ಮಾಸ್ಕು, ಬಾಟಲಿ ಎರಡನ್ನೂ ಮೇಜಿನ ಮೇಲಿಟ್ಟು ಎಲ್ಲ ಹೇಳಿದಳು. ಅವನ ಕಣ್ಣೆದುರೇ ಇನ್ನೊಂದು ಹನಿ ಹಾಕಿ ತೋರಿಸಿದಳು. ಕೋಪೆನ್ ಬಗ್ಗಿ ಆ ಹನಿಯನ್ನು ನೋಡಿದ.

"ಆ ಒಂಬತ್ತರಲ್ಲಿ ನಿಜವಾದ ರಕ್ತ ಎಷ್ಟು ಅಮ್ಮ?"

"ಗೊತ್ತಿಲ್ಲ."

"ಅಂದಾಜು?"

"ಅಂದಾಜು ಹೇಳಿದ್ರೆ ಬರ್ಕೋತೀರಾ?"

ಅವನು ತಲೆ 'ಇಲ್ಲ' ಅಂತ ಆಡಿಸಿದ. ಎದ್ದು ಕಿಟಕಿಯ ಹತ್ತಿರ ಹೋದ. ಬಂದು ಮತ್ತೆ ಕೂತ. "ಇನ್ನು ಎರಡೇ ಇದ್ದಿದ್ದು" ಅಂದ.

"ಗೊತ್ತು ಡಾಕ್ಟ್ರೇ. ನಾನೂ ಎಣಿಸ್ತಾನೇ ಇದ್ದೀನಿ."

"ಮುಂದಿನ ತಿಂಗಳು ನನ್ನ ಪರೀಕ್ಷೆ. ಇದನ್ನ ಹಾಗೇ ಕಳಿಸಿದ್ರೆ ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗಲ್ಲ" ಅಂದಳು ಲುದ್ವಿನಾ. ಇಬ್ಬರಿಗೂ ಅದೇ ಬೇಕಾಗಿತ್ತು, ಇನ್ನೊಬ್ಬರು ಹೇಳಲಿ ಅಂತ ಇಬ್ಬರೂ ಕಾದರು. ಕೊನೆಗೆ ಅವಳೇ ಬಾಯಿ ಬಿಟ್ಟಳು. "ಇದನ್ನ ಓದಿದವರು ಹೊಸದು ಗಂಟಲು ಗೀರುತ್ತೆ ಅಂತ ದೇಶದಲ್ಲೆಲ್ಲ ಅದನ್ನ ಬಿಟ್ಬಿಡ್ತಾರೆ. ಸೋರೋ ಹಳೇ ಮಾಸ್ಕು ಇಟ್ಕೊಂಡು ಇನ್ನೊಬ್ಬಳು ಇಪ್ಪತ್ತು ವರ್ಷ ತೊಳೀತಾ ಕೂರ್ತಾಳೆ. ಅದು ನಂಗೆ ಬೇಡ."

"ಹಾಗಾದ್ರೆ ಮತ್ತೆ ಅರವತ್ತು" ಅಂದ ಕೋಪೆನ್. "ಆರು ತಿಂಗಳು. ಪರೀಕ್ಷೆ ಮುಂದಿನ ವರ್ಷಕ್ಕೆ. ಕೈ ಒಂದೇ ಇರಬೇಕು ಅಮ್ಮ. ನೀವು..."

"ಇರ್ತೀನಿ."

ಯೋಚಿಸುವುದಕ್ಕೆ ಮೊದಲೇ ಮಾತು ಬಾಯಿಂದ ಬಿದ್ದಿತ್ತು. ಅಯ್ಯೋ ಅಂತ ಆ ಕ್ಷಣವೇ ಅನ್ನಿಸಿತು. ಆದರೂ ನೇರ ಆಡಳಿತಾಧಿಕಾರಿಯ ಕೋಣೆಗೆ ಹೋಗಿ ನಿವೃತ್ತಿ ಪತ್ರ ವಾಪಸ್ಸು ಕೇಳಿದಳು. ಆತ ಬಹಳ ಖುಷಿಯಿಂದ ಕೊಟ್ಟ, ಅವಳಿಗೆ ಆಸ್ಪತ್ರೆ ಬಿಟ್ಟರೆ ಬೇರೆ ಗತಿಯಿಲ್ಲ ಅಂತ ತನಗೆ ಮೊದಲೇ ಗೊತ್ತಿತ್ತು ಅನ್ನುವ ಹಾಗೆ.

ಅಲೋಯಿಸ್ ಸುತ್ತಿಗೆ ಕೆಳಗಿಟ್ಟು ಎಲ್ಲ ಕೇಳಿಸಿಕೊಂಡ.

"ಕಂಡವರ ಪರೀಕ್ಷೆಗೆ ನೀನು ಉಪವಾಸ ಕೂರೋದಾ? ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಮದುವೆ ಚಿಂತೆ ಅಂದ ಹಾಗಾಯ್ತು! ಎಲ್ಲರಿಗೂ ಹೇಳಿಬಿಟ್ಟಿದ್ದೀನಲ್ಲೇ. ಈಗ ಹಂದಿಗೆ ಏನ್ ಹೇಳ್ಲಿ?"

"ಆರು ತಿಂಗಳು ಆಯುಷ್ಯ ಜಾಸ್ತಿ ಆಯ್ತು ಅಂತ ಹೇಳು."

ಅವನು ನಗಲಿಲ್ಲ. ಎರಡು ದಿನ ಮಾತು ಬಿಟ್ಟ. ಮೂರನೇ ದಿನ ಬೆಳಿಗ್ಗೆ ಅವಳ ಚೀಲಕ್ಕೆ ಬೇಯಿಸಿದ ಗೆಣಸು ತುಂಬಿ, ಬಸ್ಸಿನ ತನಕ ಜೊತೆಗೆ ಬಂದ.

ಕೋಪೆನ್ ಇದ್ದುದನ್ನು ಇದ್ದ ಹಾಗೇ ಬರೆದು ಮೊರೆಸ್ಬಿಯ ಸಮಿತಿಗೆ ಕಳಿಸಿದ. ಉತ್ತರ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ಲುದ್ವಿನಾ ಒಂದು ವಿಚಿತ್ರ ಕಂಡುಕೊಂಡಳು: ಮನಸ್ಸು ಎಣಿಸುವುದನ್ನು ಬಿಟ್ಟಿತ್ತು. ಮೈ ದಣಿದಷ್ಟೇ ದಣಿದಿತ್ತು, ಮೊಣಕಾಲು ನೋಯುವಷ್ಟೇ ನೋಯುತ್ತಿತ್ತು, ಆದರೆ ಒಬ್ಬೊಬ್ಬರ ಬಾಯನ್ನೂ ತೆರೆಸಿ ನೋಡುತ್ತಿದ್ದಳು, ಒರೆಸುತ್ತಿದ್ದಳು, ಬೈಯುತ್ತಿದ್ದಳು. ಅಡಿಕೆ ಮುಕ್ಕಿ ಬಂದ ನಾಲ್ವರನ್ನು ವಾಪಸ್ಸು ಕಳಿಸಿದಳು. ಹೊಸ ಫಾರಂಗೆ ಏನೇನು ಬೇಕು ಅಂತ ಒಂದು ಹಾಳೆಯ ಹಿಂದೆ ಬರೆದು ಕೋಪೆನ್ನನಿಗೆ ಕೊಟ್ಟಳು. ಹೊಸ ಅರವತ್ತನ್ನು ಸರಿಯಾಗಿ ಮಾಡಿ ಹೋಗಬೇಕು ಅನ್ನುವುದು ಅವಳಿಗೆ ಈಗ ನಿಜವಾಗಿ ಬೇಕಾಗಿತ್ತು.

ಪತ್ರ ಬಂದ ದಿನ ಕೋಪೆನ್ ಅವಳನ್ನು ಕೂರಿಸಿ ಗಟ್ಟಿಯಾಗಿ ಓದಿದ. ತಪ್ಪನ್ನು ತಾವಾಗಿ ತಿಳಿಸಿದ್ದಕ್ಕೆ ಸಮಿತಿಯ ಮೆಚ್ಚುಗೆ. ಅಡಿಕೆಯ ಪ್ರಶ್ನೆ ಸೇರಿಸತಕ್ಕದ್ದು. ಕೆಂಪು ಕಂಡಲ್ಲೆಲ್ಲ ಪೆರಾಕ್ಸೈಡ್ ಹಾಕಿ ನೋಡತಕ್ಕದ್ದು. ಹೊಸದಾಗಿ ಅರವತ್ತು ರೋಗಿಗಳಿಗೆ ಒಪ್ಪಿಗೆ. ಅಲ್ಲಿ ಅವನು ಒಂದು ಗಳಿಗೆ ತಡವರಿಸಿ ಕೆಳಗಿನ ಸಹಿಗೆ ಹಾರಿದ.

"ಬಿಟ್ಟಿದ್ದನ್ನ ಓದಿ ಡಾಕ್ಟ್ರೇ" ಅಂದಳು ಲುದ್ವಿನಾ.

"ಏನಿಲ್ಲ ಅಮ್ಮ, ಸುಮ್ನೆ ಆಫೀಸ್ ಮಾತು..."

"ಓದಿ."

ಅವನು ತಲೆ ಎತ್ತದೆ ಓದಿದ. "ಹಿಂದಿನ ಬಾರಿಯ ದಾಖಲೆಯಲ್ಲಿ ಲೋಪ ಕಂಡುಬಂದಿರುವುದರಿಂದ ಮಾಸ್ಕ್ ಹಾಕುವ ಹೊಣೆಯನ್ನು ಈ ಹಿಂದೆ ಭಾಗವಹಿಸದ ಬೇರೆಯವರಿಗೆ ವಹಿಸತಕ್ಕದ್ದು." ಆಮೇಲೆ ಅವಸರವಾಗಿ ಹೇಳಿದ: "ಲಾಯೆ ಆಸ್ಪತ್ರೆಯಿಂದ ಒಬ್ಬಳನ್ನ ಕಳಿಸ್ತಾರಂತೆ. ನಾನು ಮತ್ತೆ ಬರೀತೀನಿ ಅಮ್ಮ. ನೀವೇ ಹೇಳಿದ್ದಕ್ಕೆ ಗೊತ್ತಾಯ್ತು, ಇಲ್ಲದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಅಂತ ಬರೀತೀನಿ."

"ಬೇಡ" ಅಂದಳು. "ಸರಿಯಾಗೇ ಬರೆದಿದ್ದಾರೆ. ನೀವು ನಿಮ್ ಪರೀಕ್ಷೆ ನೋಡ್ಕೊಳ್ಳಿ."

ಅವತ್ತು ಇನ್ನೆರಡು ಆಪರೇಶನ್ ಇದ್ದವು. ಎರಡನ್ನೂ ಮುಗಿಸಿದಳು. ನಿವೃತ್ತಿ ಪತ್ರ ಚೀಲದಲ್ಲೇ ಇತ್ತು, ತಾರೀಕು ಮಾತ್ರ ತಿದ್ದಿ ಆಡಳಿತಾಧಿಕಾರಿಯ ಮೇಜಿನ ಮೇಲಿಟ್ಟಳು. ಈ ಸಲ ಆತ ಯಾವ ಷರತ್ತೂ ಹಾಕಲಿಲ್ಲ. ಮೇಲೂ ನೋಡಲಿಲ್ಲ.

ಸುದ್ದಿ ಕೇಳಿ ಅಲೋಯಿಸ್‌ಗೆ ಹಿಡಿಸಲಾರದಷ್ಟು ಸಂತೋಷ. ಬೇಲಿಯ ಆಚೆ ಇದ್ದವರನ್ನೂ ಕೂಗಿ ಕರೆದು ಹೇಳಿದ. ತೆಂಗಿನಕಾಯಿ ತುರಿಯುತ್ತಾ ಕೂತ ಹೆಂಡತಿ ಒಂದು ಮಾತೂ ಆಡದ್ದು ಅವನ ಗಮನಕ್ಕೆ ಬಂದದ್ದು ಎಷ್ಟೋ ಹೊತ್ತಾದ ಮೇಲೆ. ಅವಳ ಕೈ ತುರಿಯುತ್ತಲೇ ಇತ್ತು, ಕಣ್ಣಿಂದ ನೀರು ಸುರಿಯುತ್ತಿತ್ತು.

"ಏನಾಯ್ತೇ?" ಅಂತ ಪಕ್ಕ ಬಂದು ಕೂತ. "ಬಿಟ್ರೆ ಸಾಕು, ಬಿಟ್ರೆ ಸಾಕು ಅಂತಿದ್ದೆ. ಬಿಟ್ರಲ್ಲ."

"ಹೌದು" ಅಂದಳು ಲುದ್ವಿನಾ. "ಸಾಕು ಅಂತ ನಾನು ಹೇಳ್ಬೇಕಾಗಿತ್ತು ಅಲೋಯಿಸ್. ಅವರು ಹೇಳಿಬಿಟ್ರು."